ಮುಚ್ಚಿಟ್ಟ ಸೂಜಿ

ಎಂಬತ್ತರ ದಶಕದ ಮೊದಲ ವರ್ಷಗಳು. ಹುನಗುಂದದಿಂದ ಇಳಕಲ್ಲಿಗೆ ಹೋಗುವ ದಾರಿಯ ಊರೊಂದರ ಸರ್ಕಾರಿ ದವಾಖಾನೆಯಲ್ಲಿ ನಾನು ನರ್ಸ್. ರಸ್ತೆಯ ಆಚೆ ಒಬ್ಬ ಖಾಸಗಿ ಡಾಕ್ಟರು. ಅವರಿಗೂ ನಮ್ಮ ಡಾಕ್ಟರಿಗೂ ಎಣ್ಣೆ-ಸೀಗೆಕಾಯಿ. ಅಲ್ಲಿ ತೋರಿಸಿ ಇಲ್ಲಿಗೆ ಬಂದವರನ್ನು ನಮ್ಮವರು ಬೈದು ಅಟ್ಟುತ್ತಿದ್ದರು, ಆಚೆಯವರೇನೂ ಕಮ್ಮಿಯಿರಲಿಲ್ಲ. ಹೀಗಾಗಿ ಒಂದು ಕಡೆಯ ಔಷಧದ ಸುದ್ದಿಯನ್ನು ಇನ್ನೊಂದು ಕಡೆ ಜನ ಬಾಯಿ ಬಿಡುತ್ತಿರಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಗಂಡ ಹೆಂಡಿರೂ ಅಲ್ಲ, ಇಬ್ಬರು ಎಂ.ಬಿ.ಬಿ.ಎಸ್.

ಒಂದು ಬೆಳಿಗ್ಗೆ ನೇಕಾರರ ಓಣಿಯ ಮುದುಕಿಯೊಬ್ಬಳು ಸೊಸೆಯನ್ನು ಹೆರಿಗೆಗೆ ಕರೆತಂದಳು. ಬ್ಯಾನೆ, ಅಂದರೆ ಹೆರಿಗೆ ನೋವು, ನಿಧಾನವಾಗಿತ್ತು. ಜೋರಾಗಿಸುವ ಸೂಜಿ ತುಂಬಲು ಡಾಕ್ಟರು ಹೇಳಿದರು. ತುಂಬಿಕೊಂಡು ಸೊಂಟ ಒರೆಸಲು ಹೋದರೆ ಅಲ್ಲಿ ಹಸಿ ರಕ್ತದ ಚುಕ್ಕೆ, ಸ್ಪಿರಿಟ್ ವಾಸನೆ. ಕೇಳಿದೆ. ಎಲ್ಲೂ ತೋರಿಸಿಲ್ಲವೆಂದು ಅತ್ತೆ ಬಸವಣ್ಣನ ಆಣೆ ಹಾಕಿದಳು. ಸೊಸೆ ಮುಖ ತಿರುಗಿಸಿದಳು.

ಆಚೆ ಡಾಕ್ಟರು ಕೊಟ್ಟದ್ದೂ ಇದೇ ಆಗಿದ್ದರೆ? ಅದೇ ಸೂಜಿ ಎರಡು ಸಲ ಬಿದ್ದರೆ ಗರ್ಭಕೋಶ ಹರಿಯಬಹುದು, ತಾಯಿ-ಕೂಸು ಇಬ್ಬರೂ ಉಳಿಯುವುದು ಕಷ್ಟ. ಡಾಕ್ಟರು ಆಣೆಯನ್ನೇ ನಂಬಿ ಅವಸರ ಮಾಡಿದರು. ನಾನು ಸಿರಿಂಜನ್ನು ಟ್ರೇಯಲ್ಲಿಟ್ಟು, ಆಚೆ ಕೇಳಿ ಬರುತ್ತೇನೆಂದೆ. ಅವನ ಹೊಸ್ತಿಲು ತುಳಿದರೆ ಡ್ಯೂಟಿಗೆ ಮರಳಬೇಡ ಎಂದರು. ಅಂಜಿಕೆಗಿಂತ ಸಿಟ್ಟು ದೊಡ್ಡದಿತ್ತು. ಹೋದೆ.

ಖಾಸಗಿ ಡಾಕ್ಟರು ಚಹಾ ಕುಡಿಯುತ್ತಿದ್ದರು. ಅಂಥ ಹೆಂಗಸನ್ನು ನೋಡೇ ಇಲ್ಲವೆಂದರು. ಏನಾದರೂ ಆದರೆ ತಮ್ಮ ತಲೆಗೆ ಬರುತ್ತದೆಂಬ ಅಂಜಿಕೆ ಮುಖದಲ್ಲೇ ಇತ್ತು.

"ಸರ್, ನೀವು ಇಲ್ಲ ಅಂದ್ರ ಅಲ್ಲಿ ಎರಡನೇ ಸೂಜಿ ಬೀಳ್ತದ್ರಿ," ಎಂದೆ.

ಕಪ್ಪು ಕೆಳಗಿಟ್ಟರು. ಆಮೇಲೆ ಎದ್ದು ನನಗಿಂತ ಮುಂದೆ ರಸ್ತೆ ದಾಟಿ ನಮ್ಮ ಬಾಗಿಲಲ್ಲಿ ನಿಂತರು.

"ಬ್ಯಾನಿ ಸೂಜಿ ನಾನ ಮಾಡೀನಿ. ಅರ್ಧ ತಾಸಾತು."

ನಮ್ಮವರು ಇನ್ನು ಊರೆಲ್ಲ ಕೇಳುವಂತೆ ಹಂಗಿಸುತ್ತಾರೆ ಅಂದುಕೊಂಡೆ. ಅವರು ಸಿರಿಂಜನ್ನು ಬೇಸಿನ್ನಿಗೆ ಖಾಲಿ ಮಾಡಿ, ಎಷ್ಟು ಕೊಟ್ಟಿರಿ ಎಂದಷ್ಟೇ ಕೇಳಿದರು. ಅಷ್ಟರಲ್ಲಿ ಬ್ಯಾನೆ ಏರಿತು. ಮಧ್ಯಾಹ್ನದವರೆಗೂ ಇಬ್ಬರೂ ಮಂಚದ ಪಕ್ಕ ಬಿಟ್ಟು ಕದಲಲಿಲ್ಲ. ಕೂಸು ಅತ್ತಾಗ ನನಗೂ ಅಳು ಬಂತು.

ಕೈ ತೊಳೆದುಕೊಂಡ ಮೇಲೆ ಇಬ್ಬರೂ ಸೇರಿ ಮುದುಕಿಯನ್ನು ಬೈಯಲು ನಿಂತರು. ಸುಳ್ಳು ಆಣೆ ಯಾಕೆ ಹಾಕಿದೆ, ಜೀವ ಹೋಗುತ್ತಿತ್ತಲ್ಲ ಎಂದು. ಆಕೆ ಮೊಮ್ಮಗಳನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತಲೇ ಕೇಳಿದಳು:

"ನೀವಿಬ್ರೂ ಒಬ್ರಿಗೊಬ್ರು ಮಾತಾಡ್ತೀರಿ ಅಂತ ನಮಗ ಹೆಂಗ ಗೊತ್ತಾಗಬೇಕ್ರಿ?"