ಶಿವಾನಂದನ ಹೆಸರಿಗೆ ಹೋದ ಪಾಯಿಂಟುಗಳು

ನನ್ನ ಲೈಸೆನ್ಸ್ ಹೋಗಿಬಿಡುತ್ತದೆ ಎಂದು ಶಿವಾನಂದನಿಗೆ ಹೇಳಿದ್ದು ಸುಳ್ಳು. ಹೋಗುತ್ತಿರಲಿಲ್ಲ. ಅದು ನನಗೆ ಆಗಲೂ ಚೆನ್ನಾಗಿ ಗೊತ್ತಿತ್ತು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಬರಲು ಹೋದರೆ ನಾನು ದಾರಿಯಲ್ಲೇ ಏನಾದರೊಂದು ನೆಪ ಹುಡುಕಿಕೊಳ್ಳುವವಳು.

ಸಿಡ್ನಿಯ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ವರ್ಷಕ್ಕೊಮ್ಮೆ ಬರುವ ಒಂದು ಪಾಠ ನನಗೆ ಬಹಳ ಇಷ್ಟ — ಅಪರಾಧ ಮತ್ತು ಶಿಕ್ಷೆಯ ಲೆಕ್ಕಾಚಾರ. ತಪ್ಪು ಮಾಡುವವನು ಕೆಟ್ಟವನೇ ಆಗಬೇಕಿಲ್ಲ, ಅವನೂ ನಮ್ಮ ಹಾಗೆ ತೂಗಿ ನೋಡುವವನು. ಸಿಗುವ ಲಾಭ ಒಂದು ಕಡೆ; ಸಿಕ್ಕಿಬೀಳುವ ಸಾಧ್ಯತೆ, ಸಿಕ್ಕರೆ ಆಗುವ ಶಿಕ್ಷೆ ಇನ್ನೊಂದು ಕಡೆ. ಶಿಕ್ಷೆ ಎಂದರೆ ತಪ್ಪಿಗೆ ಹಚ್ಚಿದ ಬೆಲೆಚೀಟಿ. ಹುಡುಗರು ನಗುತ್ತಾರೆ, ನಾನೂ ನಗುತ್ತೇನೆ. ಈ ಪಾಠ ಹೇಳುವಾಗ ನಾನು ಸ್ವಲ್ಪ ಜಾಣೆಯಂತೆ ಕಾಣುತ್ತೇನೆಂದು ನನಗೇ ಅನಿಸುತ್ತಿತ್ತು.

ಆ ಈಸ್ಟರ್ ರಜೆಯಲ್ಲಿ ಪೆಂಡಲ್ ಹಿಲ್‌ಗೆ ಜೋಳದ ಹಿಟ್ಟು ತರಲು ಹೊರಟಿದ್ದೆ. ಧಾರವಾಡದವಳು, ಮನೆಯಲ್ಲಿ ಅಕ್ಕಿ ಮುಗಿದರೂ ನಡೆದೀತು, ಜೋಳ ಮುಗಿಯಬಾರದು. ಅಂಗಡಿ ಮುಚ್ಚುವ ಹೊತ್ತಾಗಿತ್ತು, ಕಾಲು ಸ್ವಲ್ಪ ಭಾರವಾಯಿತು. ರಸ್ತೆಯ ಕ್ಯಾಮೆರಾ ಕಾರಿನ ಹಿಂಭಾಗದ ಫೋಟೊ ಹಿಡಿಯಿತು. ಅದರಲ್ಲಿ ಮುಖ ಕಾಣುವುದಿಲ್ಲ; ನೋಟಿಸು ಕಾರಿನ ಒಡೆಯರಿಗೆ ಬರುತ್ತದೆ, ಓಡಿಸಿದ್ದು ಬೇರೆಯವರಾದರೆ ಅವರ ಹೆಸರು ಬರೆದುಕೊಡಬೇಕು. ಇಲ್ಲಿ ದಂಡದ ಜೊತೆ ಪಾಯಿಂಟುಗಳೂ ಬೀಳುತ್ತವೆ. ಮಿತಿ ದಾಟಿದರೆ ಲೈಸೆನ್ಸ್ ಕೆಲವು ತಿಂಗಳು ಸಸ್ಪೆಂಡ್. ಉದ್ದನೆಯ ರಜೆಯ ದಿನಗಳಲ್ಲಿ ಈ ಪಾಯಿಂಟುಗಳು ದುಪ್ಪಟ್ಟು — ಹಬ್ಬಕ್ಕೆ ಬೆಲೆ ಏರಿಸಿದ್ದಾರೆ ಎಂದು ಕ್ಲಾಸಿನಲ್ಲಿ ತಮಾಷೆ ಮಾಡಿದವಳು ನಾನೇ.

ನನ್ನ ಖಾತೆಯಲ್ಲಿ ಅದುವರೆಗೆ ಒಂದು ಪಾಯಿಂಟೂ ಇರಲಿಲ್ಲ. ದುಪ್ಪಟ್ಟಾಗಿ ಬಿದ್ದರೂ ಮಿತಿಯೊಳಗೇ ಇರುತ್ತಿದ್ದೆ. ಆದರೂ — ಖಾತೆಯಲ್ಲಿ ಖಾಲಿ ಇದ್ದ ಜಾಗ ಅಷ್ಟೊಂದು ಒಮ್ಮೆಲೇ ಖರ್ಚಾಗುವುದು ಮನಸ್ಸಿಗೆ ಬರಲಿಲ್ಲ. ಉಡದ ಸೀರೆಗಳನ್ನು ಬೀರುವಿನಲ್ಲಿ ಇಟ್ಟುಕೊಳ್ಳುತ್ತೇವಲ್ಲ, ಹಾಗೆ.

ಶಿವಾನಂದ ಆಗ ಸ್ಕೋಫೀಲ್ಡ್ಸ್‌ನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ. ಹುಬ್ಬಳ್ಳಿಯ ಹುಡುಗ, ನನ್ನ ಹಳೆಯ ವಿದ್ಯಾರ್ಥಿ. ಓದು ಮುಗಿದ ಮೇಲೆ ವಯಸ್ಸಾದವರನ್ನು ಕಾರಿನಲ್ಲಿ ಆಸ್ಪತ್ರೆಗೆ, ಅಂಗಡಿಗೆ ಕರೆದೊಯ್ಯುವ ಕೆಲಸ ಹಿಡಿದಿದ್ದ. ಪಿಆರ್‌ಗೆ — ಇಲ್ಲೇ ಕಾಯಂ ನೆಲೆಸುವ ಪರವಾನಗಿಗೆ — ತಾವೇ ಸ್ಪಾನ್ಸರ್ ಮಾಡುವುದಾಗಿ ಆ ಕಂಪನಿಯವರು ಹೇಳಿದ್ದರು. ಹೆಂಡತಿ ಸವಿತಾ ಹುಬ್ಬಳ್ಳಿಯಲ್ಲಿ, ಬಸುರಿ. ಕೆಲಸಕ್ಕೆ ಬೇಕಾದ ಶಿಫಾರಸು ಬರೆದುಕೊಟ್ಟವಳು ನಾನು. ಸಿಡ್ನಿಯಲ್ಲಿ ಅಷ್ಟು ಕಡಿಮೆ ರೆಂಟ್‌ಗೆ ಕೋಣೆ ಕೊಟ್ಟವಳೂ ನಾನೇ.

ಅವನು ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಕೇಳಿದೆ.

“ಶಿವು, ಕಾರ್ ನೀನ ಓಡಸ್ತಿದ್ದಿ ಅಂತ ನಿನ್ನ ಹೆಸರ ಕೊಡ್ಲೇನು? ಫೈನ್ ನಾನ ಕಟ್ತೀನಿ. ಇಲ್ಲಾಂದ್ರ ನನ್ನ ಲೈಸೆನ್ಸ್ ಹೋಗ್ತದ. ಹುಡುಗರ ಸ್ಕೂಲ್, ನನ್ನ ಕ್ಯಾಂಪಸ್, ಎಲ್ಲಾ ನಿಂತ ಬಿಡ್ತಾವ.”

“ಅದರಾಗ ಏನೈತ್ರಿ ಮೇಡಂ. ಕೊಡ್ರಿ.”

ಅಷ್ಟೇ. ಚಹಾ ಮುಗಿಸಿ ಕಪ್ಪು ತೊಳೆದಿಟ್ಟು ಹೋದ. ಅವನ ಖಾತೆಯಲ್ಲಿ ಜಾಗ ಸುಮ್ಮನೆ ಖಾಲಿ ಬಿದ್ದಿದೆ, ಅವನಿಗೆ ಖರ್ಚಿಲ್ಲ, ನನಗೆ ಲಾಭ — ಇಬ್ಬರೂ ಒಪ್ಪಿದ ವ್ಯವಹಾರ ಎಂದುಕೊಂಡೆ. ನಮ್ಮ ಕಡೆ ‘ಅದರಾಗ ಏನೈತಿ’ ಎಂಬ ಮಾತನ್ನು ಯಾವಾಗ ಆಡುತ್ತಾರೆಂದು ನನಗೆ ಗೊತ್ತಿಲ್ಲವೇ? ಮನೆ ಕೊಟ್ಟವರಿಗೆ, ಪಾಠ ಹೇಳಿದವರಿಗೆ, ಇಲ್ಲ ಎನ್ನಲು ಬಾಯಿ ಬರದಾಗ ಆಡುತ್ತಾರೆ. ಇಲ್ಲಿಯವಳು ಯಾರೋ ಒಬ್ಬಳು ಅದನ್ನು ಒಪ್ಪಿಗೆ ಎಂದು ತಿಳಿದಿದ್ದರೆ ಸರಿ ಎನ್ನಬಹುದಿತ್ತು. ನಾನು ಹಾಗೆ ತಿಳಿದೆ — ತಿಳಿಯುವುದು ಅನುಕೂಲವಾಗಿತ್ತು.

ಇಲ್ಲಿಂದ ಮುಂದೆ ನಡೆದದ್ದರ ಬಗ್ಗೆ ನನಗೆ ಇವತ್ತಿಗೂ ಕುತೂಹಲ. ಶಿಕ್ಷೆಯ ಕೆಲಸ ಹೆದರಿಕೆ ಹುಟ್ಟಿಸುವುದು ಎಂದು ಕಲಿಸುತ್ತೇವೆ. ಹುಟ್ಟಿಸಿತು ಕೂಡ. ಆದರೆ ಯಾರಲ್ಲಿ? ನಾನು ಮೊದಲಿನ ಹಾಗೇ, ಬಹುಶಃ ಮೊದಲಿಗಿಂತ ಹಗುರಾಗಿ ಓಡಿಸುತ್ತಿದ್ದೆ. ಅವನು ಸ್ಟೀರಿಂಗನ್ನು ಎರಡೂ ಕೈಯಲ್ಲಿ ಬಿಗಿ ಹಿಡಿದು, ಹಿಂದಿನವರು ಹಾರ್ನ್ ಹೊಡೆಯುವಷ್ಟು ನಿಧಾನವಾಗಿ ಹೋಗತೊಡಗಿದ. “ಏನೋ ಇದು, ಎತ್ತಿನ ಗಾಡಿ ಹೊಡದಂಗ?” ಎಂದು ನಾನೇ ಚೇಷ್ಟೆ ಮಾಡಿದ್ದೆ. ತಪ್ಪು ನನ್ನಲ್ಲೇ ಉಳಿದಿತ್ತು, ಭಯ ಮಾತ್ರ ಪಾಯಿಂಟುಗಳ ಜೊತೆ ಅವನಿಗೆ ವರ್ಗವಾಗಿತ್ತು. ಸರ್ಕಾರದ ಕಡೆಯಿಂದ ನೋಡಿದರೆ ಎಲ್ಲ ಸರಿಯಾಗಿಯೇ ಇತ್ತು: ಒಂದು ತಪ್ಪು, ಒಂದು ಶಿಕ್ಷೆ.

ಕೆಲವು ತಿಂಗಳ ಮೇಲೆ, ಅಷ್ಟು ಎಚ್ಚರದಿಂದಿದ್ದವನೇ, ಒಂದು ಶಾಲೆಯ ಮುಂದೆ ವೇಗದ ಮಿತಿ ಮೀರಿದ. ಉಸಿರಾಟಕ್ಕೆ ಕಷ್ಟಪಡುತ್ತಿದ್ದ ಒಬ್ಬ ಅಜ್ಜಿ ಹಿಂದಿನ ಸೀಟಿನಲ್ಲಿದ್ದರಂತೆ. ಅವನೊಬ್ಬನದೇ ಆಗಿದ್ದರೆ ಏನೂ ಆಗುತ್ತಿರಲಿಲ್ಲ. ನನ್ನ ಪಾಯಿಂಟುಗಳೂ ಸೇರಿ ಪಾಯಿಂಟುಗಳ ಮಿತಿ ದಾಟಿತು. ಲೈಸೆನ್ಸ್ ಸಸ್ಪೆಂಡ್ ಆಯಿತು, ಕೆಲಸ ಹೋಯಿತು, ಕೆಲಸದ ಜೊತೆ ಸ್ಪಾನ್ಸರ್ ಕೂಡ.

ಆಗಲೂ ಬಾಯಿ ಬಿಡಬಹುದಿತ್ತು. ಕಾರು ಓಡಿಸಿದವಳು ನಾನು ಎಂದು ಬರೆದುಕೊಟ್ಟಿದ್ದರೆ — ಸುಳ್ಳು ಹೆಸರು ಕೊಟ್ಟದ್ದಕ್ಕೆ ಕೋರ್ಟು, ಕಾಲೇಜಿನಲ್ಲಿ ಮಾತು, ನೌಕರಿ... ತೂಗಿ ನೋಡಿದೆ. ಸುಮ್ಮನಾದೆ.

“ಮೆಲ್ಬರ್ನ್‌ನಾಗ ಕಾಕಾನ ಮಗ ಅದಾನ್ರಿ ಮೇಡಂ, ಅವನ ಕಡೆ ಹೊಂಟೀನಿ. ನೀವ್ಯಾಕ ಮಾರಿ ಸಣ್ಣ ಮಾಡ್ತೀರಿ?” ಎಂದು ಅವನೇ ನನಗೆ ಸಮಾಧಾನ ಹೇಳಿದ. ದಾರಿಗೆ ಮೊಸರನ್ನದ ಡಬ್ಬಿ ಕಟ್ಟಿಕೊಟ್ಟೆ. ಆ ಡಬ್ಬಿ ಕೊಟ್ಟದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅಲ್ಲಿ ಮತ್ತೆ ಮೊದಲಿನಿಂದ ಶುರು ಮಾಡಿದ. ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತ, ಬೇರೆ ಕೋರ್ಸ್ ಮಾಡಿದ, ಬೇರೆ ವೀಸಾ. ಮಗಳು ಹುಟ್ಟಿದ್ದನ್ನು ಫೋನಿನಲ್ಲಿ ನೋಡಿದ. ಅವಳನ್ನು ಮೊದಲ ಸಲ ಎತ್ತಿಕೊಂಡಾಗ ಅವಳು ಓಡಾಡುವಷ್ಟು ದೊಡ್ಡವಳು; ಗುರುತು ಸಿಗದೆ ಅತ್ತು ಅಮ್ಮನ ಹಿಂದೆ ಹೋದಳಂತೆ. ಇದನ್ನು ಅವನು ನಗುತ್ತಲೇ ಹೇಳುತ್ತಾನೆ.

ಈ ವರ್ಷ ಮೆಲ್ಬರ್ನ್‌ನ ಕ್ರೇಗಿಬರ್ನ್‌ನಲ್ಲಿ ಮನೆ ಕಟ್ಟಿಸಿದ. ಗೃಹಪ್ರವೇಶಕ್ಕೆ ಬರಲೇಬೇಕೆಂದು ಹಟ ಹಿಡಿದ. ಹೋದೆ. ಬಂದವರಿಗೆಲ್ಲ “ನಮ್ಮ ಮೇಡಂ” ಎಂದು ಪರಿಚಯಿಸಿದ.

ಸವಿತಾಳನ್ನು ಎದುರಿಗೆ ನೋಡಿದ್ದು ಅವತ್ತೇ ಮೊದಲು. ಅಡುಗೆಮನೆಯಲ್ಲಿ ಹೋಳಿಗೆಗೆ ತುಪ್ಪ ಹಾಕುತ್ತಾ, ಮುಚ್ಚುಮರೆಯಿಲ್ಲದೆ ಹೇಳಿದಳು:

“ನಿಮ್ಮ ಮ್ಯಾಲೆ ನನಗ ಭಾಳ ಸಿಟ್ಟಿತ್ರಿ ಮೇಡಂ. ಖರೇ ಹೇಳ್ತೀನಿ. ಆದ್ರ ಇವರು ಅಂತಿದ್ರು, ಅವರ ಲೈಸೆನ್ಸ್ ಹೋಗಿದ್ರ ಮನೀನ ನಿಲ್ತಿತ್ತು ಸವಿತಾ, ಮತ್ತೇನ್ ಮಾಡ್ಬೇಕಿತ್ತು ಅಂತ. ಅದಕ್ಕ ಸಿಟ್ಟ ಬಿಟ್ಟೆ.”

ಇಷ್ಟು ವರ್ಷ ನಾನು ಅವನ ಖಾತೆಯ ಜಾಗವನ್ನಷ್ಟೇ ತೆಗೆದುಕೊಂಡೆ ಎಂದುಕೊಂಡಿದ್ದೆ. ಈ ಹೆಂಗಸಿನ ಕ್ಷಮೆಯನ್ನೂ ಸುಳ್ಳು ಹೇಳಿ ಪಡೆದಿದ್ದೆ, ಪಡೆದದ್ದು ಗೊತ್ತೂ ಇರಲಿಲ್ಲ. ಶಿವಾನಂದ ನೀರು ಒಯ್ಯಲು ಒಳಗೆ ಬಂದ. ಇಬ್ಬರ ಮುಂದೆಯೂ ಹೇಳಿದೆ.

“ನನ್ನ ಲೈಸೆನ್ಸ್ ಹೋಗ್ತಿರ್ಲಿಲ್ಲ. ಸುಳ್ಳ ಹೇಳಿದ್ದೆ.”

ಸವಿತಾ ಕೇಳಿದಳು, “ಹಂಗಾರ ಇವರು ಆಗಂಗಿಲ್ಲ ಅಂದಿದ್ರ ನಿಮಗ ಏನಾಗ್ತಿತ್ರಿ?”

“ಏನೂ ಆಗ್ತಿರ್ಲಿಲ್ಲ.”

ಶಿವಾನಂದ ಮೆಲ್ಲಗೆ, “ಖರೇ ಹೇಳಿ ಕೇಳಿದ್ರೂ ನಾ ಹೂಂ ಅಂತಿದ್ದೆ ಮೇಡಂ. ಸುಳ್ಳ ಯಾಕ ಬೇಕಿತ್ತು?” ಎಂದ. ನೀರಿನ ಕೊಡ ಎತ್ತಿಕೊಂಡು ಹೊರಗೆ ಹೋದ.

ರಸ್ತೆ ಇಲಾಖೆಗೆ ಹೋಗಿ ಒಪ್ಪಿಕೊಳ್ಳೋಣವೆಂದರೆ, ಹೂಂ ಎಂದ ಅವನ ಹೆಸರೂ ನನ್ನ ಜೊತೆಯೇ ಹೇಳಬೇಕು. ನನ್ನ ಶಿಕ್ಷೆಯನ್ನು ಅವನು ಇನ್ನೊಮ್ಮೆ ಹೊರಬೇಕು. ಹಾಗಾಗಿ ಆ ದಾರಿ ನನಗಿಲ್ಲ.

ಸವಿತಾ ತುಪ್ಪದ ಚಮಚವನ್ನು ಕೆಳಗಿಟ್ಟಳು. ದನಿ ಏರಿಸಲಿಲ್ಲ.

“ಹಂಗಾದ್ರ ನನ್ನ ಸಿಟ್ಟು ನನಗ ವಾಪಸ್ ಬೇಕ್ರಿ.”

“ತಗೋಳ್ರಿ,” ಎಂದೆ. ಸಿಡ್ನಿಗೆ ಬಂದ ಮೇಲೆ ಕ್ಷಮೆ ಕೇಳಲು ಎಷ್ಟೋ ಸಲ ಫೋನ್ ಕೈಗೆತ್ತಿಕೊಂಡಿದ್ದೇನೆ, ಮಾಡಿಲ್ಲ. ಮಾಡುವುದೂ ಇಲ್ಲ. ಆ ಸಿಟ್ಟು ಅವಳದು, ಅವಳಿಗೆ ಬೇಕಾದಷ್ಟು ದಿನ ಇಟ್ಟುಕೊಳ್ಳಲಿ.