ಉಣ್ಣೆ ಆಗದ ಕೂಸು

ನಮ್ಮ ಮನೆಯಲ್ಲಿ ಕೂಸು ಹುಟ್ಟಿದರೆ ಮೊದಲು ಕಂಬಳಿಯ ಮೇಲೆ ಮಲಗಿಸುತ್ತಿದ್ದರು. ಮದುಮಗನನ್ನು ಕೂಡಿಸುವುದು ಕಂಬಳಿಯ ಮೇಲೆ, ದೇವರನ್ನು ಕೂಡಿಸುವುದು ಕಂಬಳಿಯ ಮೇಲೆ, ಸತ್ತವರಿಗೆ ಹೊದಿಸುವುದೂ ಅದನ್ನೇ. ಹನುಮಸಾಗರದಿಂದ ಎರಡು ಹರದಾರಿ ದೂರದ ಹಳ್ಳಿ ನಮ್ಮದು. ನನ್ನ ಗಂಡ ಕಂಬಳಿ ನೇಯುತ್ತಿದ್ದ, ನಾನು ಉಣ್ಣೆ ಹಿಂಜಿ ನೂಲುತ್ತಿದ್ದೆ, ಅತ್ತೆ ಹುಣಸೆಬೀಜದ ಗಂಜಿ ಕಾಯಿಸಿ ನೂಲಿಗೆ ಬಳಿಯುತ್ತಿದ್ದಳು. ಕುರಿ ಹಿತ್ತಲಲ್ಲಿ, ಮಗ್ಗ ಪಡಸಾಲೆಯಲ್ಲಿ, ಉಣ್ಣೆಯ ಮೂಟೆ ಅಡುಗೆಮನೆಯ ಅಟ್ಟದ ಮೇಲೆ. ರೊಟ್ಟಿ ಮುರಿದರೆ ಒಳಗೊಂದು ಎಳೆ ಇರುತ್ತಿತ್ತು. ಅದನ್ನು ತೆಗೆದು ಬದಿಗಿಟ್ಟು ಉಣ್ಣುತ್ತಿದ್ದೆವು. ಇಂಥ ಮನೆಯಲ್ಲಿ ನನ್ನ ಎರಡನೆಯ ಕೂಸು ಹುಟ್ಟಿತು. ಗಂಡು. ಮೊದಲನೆಯವಳು ಮಗಳು, ಅವಳಿಗಾಗ ಐದು ವರ್ಷ.

ಮೂರು ತಿಂಗಳಾಗುವುದರೊಳಗೆ ಅವನ ಕೆನ್ನೆ ಕೆಂಪಗಾಯಿತು. ಎಳೆಬಿಸಿಲು ಬಡಿದಿರಬೇಕು ಅಂದುಕೊಂಡೆ. ಆಮೇಲೆ ಕುತ್ತಿಗೆ, ಮೊಣಕೈ ಮಡಚು, ಮೊಣಕಾಲ ಹಿಂದೆ. ಸಣ್ಣ ಗುಳ್ಳೆ ಎದ್ದು, ಒಡೆದು, ನೀರು ಒಸರಿ, ಹಕ್ಕಳೆ ಕಟ್ಟುತ್ತಿತ್ತು. ಕೂಸು ತಲೆಯನ್ನು ಆ ಕಡೆ ಈ ಕಡೆ ಹೊರಳಿಸಿ ಕೆನ್ನೆಯನ್ನು ಕಂಬಳಿಗೆ ತಿಕ್ಕಿಕೊಳ್ಳುತ್ತಿತ್ತು. ಪಾಪ, ಹಾಸಿಗೆ ಒರಟಾಗಿದೆ ಅಂತ ನಾನೇ ಒಂದು ಬುದ್ಧಿವಂತಿಕೆ ಮಾಡಿದೆ. ಮರಿಗಳ ಮೊದಲ ಕತ್ತರಿಯ ಉಣ್ಣೆ ಬೇರೆ ತೆಗೆದಿಟ್ಟು, ಬೆಣ್ಣೆಯ ಹಾಗೆ ಹಿಂಜಿ, ಕೂದಲಿನಷ್ಟು ಸಣ್ಣಗೆ ನೂತು, ಗಂಡನ ಬೆನ್ನು ಹತ್ತಿ ಒಂದು ಪುಟ್ಟ ಕಂಬಳಿ ನೇಯಿಸಿದೆ. ಊರ ಹೆಂಗಸರೆಲ್ಲ ಮುಟ್ಟಿ ಮುಟ್ಟಿ ನೋಡಿದರು. ನಾನು ಉಬ್ಬಿಹೋದೆ. ಅದರಲ್ಲಿ ಕೂಸನ್ನು ಕುತ್ತಿಗೆಯವರೆಗೆ ಸುತ್ತಿ ಮಲಗಿಸಿದೆ. ನನ್ನ ಕೈ ಸುಟ್ಟುಹೋಗಬೇಕಿತ್ತು ಆ ದಿನ.

ಮೈಯೆಲ್ಲ ಹುಣ್ಣಾಯಿತು. ಯಲಬುರ್ಗಾ ಕಡೆ ಒಬ್ಬ ಮುದುಕ ಇಸಬಿಗೆ ಔಷಧ ಕೊಡುತ್ತಾನೆ ಅಂದರು. ಗಾಡಿ ಕಟ್ಟಿಕೊಂಡು ಹೋದೆವು. ಮುದುಕ ಕೂಸಿನ ಮೈಮೇಲೆ ಬೂದಿ ಊದಿ ನನ್ನ ಕಡೆ ತಿರುಗಿದ.

"ದೋಷ ನಿನ್ನ ಹಾಲಿನ್ಯಾಗ ಐತವ್ವ. ನಲವತ್ತು ದಿನ ಉಪ್ಪ ಬಿಡು, ಖಾರ ಬಿಡು. ಕೂಸಿನ್ನ ಕಂಬಳ್ಯಾಗ ಬಿಗಿಯಾಗಿ ಸುತ್ತು. ಬೆವರಿನ್ಯಾಗ ವಿಷ ಹರದು ಹೋಗತೈತಿ."

ನಲವತ್ತು ದಿನ ಸಪ್ಪೆ ರೊಟ್ಟಿ ನುಂಗಿದೆ. ನಲವತ್ತು ದಿನ ಬಿಗಿಯಾಗಿ ಸುತ್ತಿದೆ. ಅತ್ತೆ ದಿನಾ ನನ್ನ ತಟ್ಟೆ ಇಣುಕಿ ನೋಡುತ್ತಿದ್ದಳು, ಕದ್ದು ಉಪ್ಪು ತಿಂದಳೇನೋ ಅಂತ. ಈಗ ನೆನೆದರೆ ಆ ಮುದುಕನ ಮೇಲೂ ಸಿಟ್ಟಿಲ್ಲ, ಅತ್ತೆಯ ಮೇಲೂ ಇಲ್ಲ. ಕೂಸು ಅಷ್ಟು ಅತ್ತಿತಲ್ಲ, ಬಿಚ್ಚಿ ಬಯಲಿಗೆ ಹಾಕಬಾರದಿತ್ತೇ ನಾನು? ನನಗೇನು ಕಣ್ಣಿರಲಿಲ್ಲವೇ?

ಕೊಪ್ಪಳದ ದವಾಖಾನೆಗೆ ಹೈದರಾಬಾದಿನಿಂದ ಒಬ್ಬ ಡಾಕ್ಟರ್ ಬಂದಿದ್ದಾರೆ, ಮಕ್ಕಳ ಮೈರೋಗ ನೋಡುವುದನ್ನೇ ಬೇರೆಯಾಗಿ ಕಲಿತವರು ಎಂಬ ಸುದ್ದಿ ಕುಷ್ಟಗಿ ಸಂತೆಯಿಂದ ಬಂತು. ಅತ್ತೆ ಮೂಗು ಮುರಿದಳು. ನಾನು ಕೇಳಲಿಲ್ಲ. ಎರಡು ದಿನದ ಗಾಡಿ ಹಾದಿ. ಡಾಕ್ಟರ್ ಸಾಹೇಬರದು ಉರ್ದು. ಅವರ ಕಂಪೌಂಡರ್ ನಮ್ಮ ಕಡೆಯವನು, ಅವರ ಮಾತನ್ನು ನಮಗೆ ತಿಳಿಸಿ ಹೇಳುತ್ತಿದ್ದ. ಸಾಹೇಬರು ಕೂಸಿನ ಮುಖ ನೋಡುವ ಮೊದಲೇ ನನ್ನ ಪುಟ್ಟ ಕಂಬಳಿಯನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಬಾಗಿಲಾಚೆ ಬಿಸಾಕಿದರು. ನನ್ನ ಕಪಾಳಕ್ಕೆ ಹೊಡೆದಂತಾಯಿತು.

"ಈ ಕೂಸಿಗೆ ಉಣ್ಣಿ ಆಗಂಗಿಲ್ಲವ್ವ," ಎಂದ ಕಂಪೌಂಡರ್. "ಇದರ ಮೈ ಉಣ್ಣಿಗೆ ಸಿಡೀತೈತಿ."

"ಕಂಬಳಿ ನೇಯೋರ ಕೂಸಿಗೆ ಉಣ್ಣಿ ಆಗಂಗಿಲ್ಲ? ಮೀನಿಗೆ ನೀರ ಆಗಂಗಿಲ್ಲ ಅಂತ ಹೇಳಿಬಿಡ್ರಲ್ಲ!"

ಅವನು ಅದನ್ನೂ ಸಾಹೇಬರಿಗೆ ಹೇಳಿದ. ಅವರು ನಕ್ಕರು. ನಗುತ್ತಲೇ ಕೂಸಿನ ಉಗುರು ಕತ್ತರಿಸಿದರು. ನಾಲ್ಕು ದಿನ ನಮ್ಮನ್ನು ಅಲ್ಲೇ ಇಟ್ಟುಕೊಂಡರು. ಒಗೆದು ಒಗೆದು ಮೆತ್ತಗಾದ ಹಳೆಯ ಧೋತರದ ಮೇಲೆ ಕೂಸನ್ನು ಮಲಗಿಸಿ, ಬಿಳೀ ಮುಲಾಮು ಹಚ್ಚಿ, ನನ್ನ ಸೀರೆಯನ್ನೂ ಬದಲಿಸಲು ಹೇಳಿದರು. ನಾಲ್ಕನೆಯ ಬೆಳಿಗ್ಗೆ ಕೆನ್ನೆ ಒಣಗಿತ್ತು. ಅವನು ಹುಟ್ಟಿದ ಮೇಲೆ ಮೊದಲ ಸಲ ಕಣ್ತುಂಬ ನಿದ್ದೆ ಮಾಡಿದ. ನಾನು ಸಾಹೇಬರ ಕಾಲು ಹಿಡಿಯಲು ಹೋದೆ, ಅವರು ಹಿಂದೆ ಸರಿದರು.

ಊರಿಗೆ ಬಂದು ನಾನು ಮಾಡದ್ದು ಯಾವುದು? ಅಟ್ಟ ಖಾಲಿ ಮಾಡಿಸಿದೆ. ಗೋಡೆ ಸಾರಿಸಿದೆ. ಬಟ್ಟೆ ಕುದಿಸಿದೆ. ಕುರಿಗಳನ್ನು ಪಕ್ಕದವರ ದೊಡ್ಡಿಗೆ ಅಟ್ಟಿದೆ. ಎಂಟೇ ದಿನ. ಮತ್ತೆ ಗುಳ್ಳೆ, ಮತ್ತೆ ನೀರು. ಈ ಸಲ ಜ್ವರವೂ ಬಂದು ಕೂಸು ಕಣ್ಣು ತೇಲಿಸಿತು. ಕೊಪ್ಪಳಕ್ಕೆ ಓಡಿದೆವು. ಸಾಹೇಬರು ನನ್ನ ಅಂಗೈ ಹಿಡಿದು ಮೂಸಿ ನೋಡಿದರು, ಕಂಪೌಂಡರನಿಗೆ ಏನೋ ಹೇಳಿದರು. ಅವನು ನನ್ನ ಮುಖ ನೋಡದೆ ಮಾತಾಡಿದ.

"ನಿನ್ನ ಕೈಯಾಗೂ ಉಣ್ಣಿ ಜಿಡ್ಡ ಕುಂತೈತವ್ವ. ಕೂದಲಾಗೂ ಐತಿ. ಉಣ್ಣಿ ಇಲ್ಲದ ಮನ್ಯಾಗ ಇಟ್ರ ಈ ಕೂಸು ಉಳೀತೈತಿ. ದೊಡ್ಡಂವ ಆದಮ್ಯಾಲೆ ರೋಗ ತಾನಾಗೇ ಹೋಗಬಹುದು, ಹೋಗದಿರಬಹುದು. ಇನ್ನೊಮ್ಮಿ ಹಿಂಗಾದ್ರ ಸಾಹೇಬ್ರ ಕೈಯಾಗೂ ಇಲ್ಲ."

ಗಂಡನ ಜೊತೆ ಜಗಳಕ್ಕೆ ನಿಂತೆ. ಮಗ್ಗ ಬಿಡು ಎಂದೆ. ಆಗ ಎಲ್ಲೋ ದೊಡ್ಡ ಯುದ್ಧ ನಡೆದಿತ್ತು. ಸಿಪಾಯಿಗಳಿಗೆ ಹೊದೆಯಲು ಕಂಬಳಿ ಬೇಕು ಅಂತ ಗುತ್ತೇದಾರ ದಿನಾ ಬಾಗಿಲಿಗೆ ಬಂದು ಕೂಡುತ್ತಿದ್ದ. "ಮಗ್ಗ ಬಿಟ್ಟು ಏನ್ ತಿನ್ನೂದು, ಮಣ್ಣ?" ಎಂದ ಗಂಡ. "ಕಂಡೋರ ಕೂಸಿಗೆಲ್ಲ ಕಂಬಳಿ ಹೊಚ್ಚತಿ, ನಿನ್ನ ಕೂಸಿಗೆ ಕುಣಿ ತೋಡತಿ," ಎಂದುಬಿಟ್ಟೆ. ಅವನು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ಗಂಡಸು ಅಳಬಾರದ ಹಾಗೆ ಅತ್ತ. ಆ ಮಾತು ಆಡಬಾರದಿತ್ತು. ಆಡಿದೆ, ಏನು ಮಾಡಲಿ.

ನಾದಿನಿಯನ್ನು ಗಂಗಾವತಿ ಕಡೆ ಕೊಟ್ಟಿದ್ದರು. ಹಳೇ ಕಾಲುವೆಯ ಕೆಳಗಿನ ಗದ್ದೆಯವರು. ಮನೆಯಲ್ಲಿ ಎಮ್ಮೆ ಇದ್ದವು, ಕುರಿ ಇರಲಿಲ್ಲ. ಮದುವೆಯಾಗಿ ಹತ್ತು ವರ್ಷವಾದರೂ ಅವಳಿಗೆ ಮಕ್ಕಳಿರಲಿಲ್ಲ. ಕೂಸನ್ನು ಎತ್ತಿಕೊಂಡು ಅವಳ ಬಾಗಿಲಲ್ಲಿ ನಿಂತೆ. ನಾನೂ ಮೂರು ತಿಂಗಳು ಅಲ್ಲೇ ಇದ್ದೆ. ಕೂಸಿನ ಮೈ ತೊಳೆದಿಟ್ಟ ಅಕ್ಕಿಯಂತಾಯಿತು. ನನ್ನ ಕೈಯೂ ಮೆತ್ತಗಾಯಿತು, ಮದುವೆಯಾದ ಮೇಲೆ ಅದನ್ನು ಹಾಗೆ ಕಂಡಿರಲಿಲ್ಲ. ಅವನು ನನ್ನ ಹೆಬ್ಬೆರಳು ಹಿಡಿದೇ ಮಲಗುತ್ತಿದ್ದ.

ಆಮೇಲೆ ಊರಿಂದ ಮನುಷ್ಯ ಬಂದ. ನೂಲು ಮುಗಿದಿದೆ, ಮಗ್ಗ ನಿಂತಿದೆ, ಅತ್ತೆ ಹಾಸಿಗೆ ಹಿಡಿದಿದ್ದಾಳೆ, ಮಗಳು ಓಣಿಯವರ ಮನೆಯಲ್ಲಿ ಉಣ್ಣುತ್ತಿದ್ದಾಳೆ ಎಂದ. ಮಗಳೂ ನನ್ನವಳೇ ತಾನೇ. ಕೂಸು ಮಲಗಿದ್ದಾಗ ಬೆರಳು ಬಿಡಿಸಿಕೊಂಡು ಹೊರಟೆ. ಎದೆಯಲ್ಲಿ ಹಾಲು ಇನ್ನೂ ಇತ್ತು. ಹಾದಿಯುದ್ದಕ್ಕೂ ಕುಪ್ಪಸ ತೊಯ್ದು ನಾರುತ್ತಿತ್ತು.

ವರ್ಷಕ್ಕೆ ಎರಡು ಸಲ ನೋಡಲು ಹೋಗುತ್ತಿದ್ದೆ. ಮೊದಲ ಸಲ ಕಾಲುವೆಯಲ್ಲಿ ಮಿಂದು, ನಾದಿನಿಯ ಹತ್ತಿ ಸೀರೆ ಉಟ್ಟು, ಓಡಿಹೋಗಿ ಅವನನ್ನು ಅವಚಿಕೊಂಡೆ. ಮಧ್ಯಾಹ್ನದ ಹೊತ್ತಿಗೆ ಅವನ ಕುತ್ತಿಗೆ ಕೆಂಡದಂತೆ ಕೆಂಪಗಾಯಿತು. ನನ್ನ ಕೂದಲಲ್ಲಿ ಉಳಿದಿತ್ತಂತೆ. ಅವನು ಹದಿನೈದು ದಿನ ನರಳಿದ. ಮುಂದಿನ ಸಲ ಹೋದಾಗ ನಾದಿನಿ ಕೈ ಮುಗಿದಳು.

"ಯಕ್ಕಾ, ದೂರಿಂದ ನೋಡಿ ಹೋಗು. ಮುಟ್ಟಬ್ಯಾಡ. ನಾ ಕೆಟ್ಟಾಕಿ ಅನ್ನಬ್ಯಾಡ."

ಕೆಟ್ಟವಳೇನಲ್ಲ ಅವಳು. ರಾತ್ರಿ ಹಗಲೆನ್ನದೆ ಅವನ ಮೈಗೆ ಗಾಳಿ ಬೀಸಿದವಳು. ಆದರೂ ಅವಳನ್ನು ಕಂಡರೆ ನನ್ನ ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ. ನಾನು ಅಂಗಳದ ಈ ಕಡೆ ಕಟ್ಟೆಯ ಮೇಲೆ ಕೂಡುತ್ತಿದ್ದೆ, ಅವನು ಆ ಕಡೆ ಆಡುತ್ತಿದ್ದ. ಓಡಾಡಿದ್ದು, ಜಿಗಿದದ್ದು, ಮಾತು ಕಲಿತದ್ದು, ಎಲ್ಲ ಅಷ್ಟು ದೂರದಿಂದಲೇ ಕಂಡೆ. ಅವಳನ್ನು ಅವ್ವ ಎಂದ. ನನ್ನನ್ನು ಕುರಿ ಅತ್ತಿ ಎಂದ. ಒಮ್ಮೆ ಅವನ ಚೆಂಡು ಉರುಳಿ ನನ್ನ ಕಾಲ ಹತ್ತಿರ ಬಂತು. ಅವನು ಎತ್ತಿಕೊಳ್ಳಲು ಬರಲೇ ಇಲ್ಲ. ದೂರ ನಿಂತು ಒಳಗೆ ಕೂಗಿದ. "ಅವ್ವಾ, ಚಂಡು ಕೊಡು. ಆ ಅತ್ತಿ ಹತ್ರ ಹೋದ್ರ ಮೈ ತುರಸ್ತೈತಿ."

ಐದು ತುಂಬಲಿ, ಮೈ ಗಟ್ಟಿಯಾಗಲಿ, ಮನೆಗೆ ಕರೆತರುತ್ತೇನೆ ಅಂತ ದಿನ ಎಣಿಸುತ್ತಿದ್ದೆ. ಐದು ತುಂಬಿದ ವರ್ಷ ನಾದಿನಿಯ ಗಂಡ ನಮ್ಮೂರಿಗೆ ಬಂದ. ಉಣ್ಣೆ ಅಂಟೀತೆಂದು ಪಡಸಾಲೆಗೂ ಹತ್ತದೆ ಅಂಗಳದಲ್ಲೇ ನಿಂತು ಹೇಳಿದ.

"ಹುಡುಗನ್ನ ನಮಗ ದತ್ತ ಕೊಡ್ರಿ, ಗದ್ದಿ ಅಂವನ ಹೆಸರಿಗೆ ಮಾಡತೀನಿ. ಇಲ್ಲಾ, ಈಗ ಕರಕೊಂಡು ಹೋಗಿಬಿಡ್ರಿ. ಇನ್ನೂ ನಾಕು ವರ್ಷ ಬಿಟ್ಟು ಕೇಳಿದ್ರ ಆಕಿ ಬದುಕಂಗಿಲ್ಲ."

ನ್ಯಾಯದ ಮಾತೇ. ನಾನು ಕೊಪ್ಪಳಕ್ಕೆ ಹೋದೆ. ಮಗ ಈಗ ನಮ್ಮ ಮನೆಯಲ್ಲಿ ಇರಬಹುದೇ, ಇಷ್ಟೇ ಕೇಳಬೇಕಿತ್ತು. ಸಾಹೇಬರು ಇರಲಿಲ್ಲ. ಬೇರೆ ಊರಿಗೆ ವರ್ಗವಾಗಿತ್ತು. ಕಂಪೌಂಡರ್ ಗುರುತು ಹಿಡಿದ.

"ಸಾಹೇಬ್ರು ಹೋಗ್ಯಾರ. ಈಗಿನವ್ರು ಎಲ್ಲಾ ರೋಗ ನೋಡತಾರ, ಇದನ್ನ ಬಲ್ಲವ್ರಲ್ಲ. ಒಂದ ಮಾತ ಕೇಳತೀನಿ, ಹೇಳು. ಹಿಂದಿನ ಸಲ ನೀ ಹೋದಾಗ ಅಂವನ ಮೈ ಹೆಂಗಿತ್ತು?"

"ಛಲೋ ಇತ್ತು."

"ನೀ ಮುಟ್ಟಿದ್ದೇನು?"

ಇಲ್ಲ ಎಂದೆ. "ಹಂಗಾದ್ರ ಹೇಳಾಕ ಬರಂಗಿಲ್ಲವ್ವ," ಎಂದ. ನಾನು ಮೆಟ್ಟಿಲ ಮೇಲೆ ಕೂತು ಮನಸಾರೆ ಅತ್ತೆ. ರೋಗ ಹೋಗಿದೆ ಎಂದು ನಂಬಿ ಕರೆತರಬಹುದಿತ್ತು. ಒಂದು ಸಲ ನಂಬಿ ಸುತ್ತಿದ್ದೆನಲ್ಲ, ನಲವತ್ತು ದಿನ. ಇನ್ನೊಂದು ಸಲ ಅವನ ಮೈಮೇಲೆ ಪರೀಕ್ಷೆ ಮಾಡುವ ಧೈರ್ಯ ನನಗಾಗಲಿಲ್ಲ.

ನಮ್ಮಲ್ಲಿ ದತ್ತ ಕೊಡುವುದೆಂದರೆ ಹೆತ್ತವಳು ತನ್ನ ಕೈಯಿಂದಲೇ ಕೂಸನ್ನು ಎತ್ತಿ ಪಡೆಯುವವಳ ಉಡಿಗೆ ಹಾಕಬೇಕು. ಬೇರೆ ಯಾರೂ ಹಾಕುವಂತಿಲ್ಲ. ಹಾಗಾದರೆ ಅವನನ್ನು ಮುಟ್ಟಬಹುದು ಎಂಬುದೇ ನನಗೆ ಮೊದಲು ಹೊಳೆದದ್ದು. ಇಂಥ ತಾಯಿ ನಾನು. ಕೊಡೋಣ, ಆದರೆ ಎತ್ತಿ ಹಾಕುವಾಗ ನನ್ನ ಮೈಯಲ್ಲಿ ಉಣ್ಣೆ ಇರಬಾರದು ಎಂದು ಗಂಡನಿಗೆ ಹೇಳಿದೆ. ಅವನು ಎದ್ದು, ಮಗ್ಗದ ನೂಲು ಬಿಚ್ಚಿ, ಉಣ್ಣೆಯನ್ನೆಲ್ಲ ತನ್ನ ತಮ್ಮನ ಮನೆಗೆ ಹೊತ್ತು ಹಾಕಿದ. ಗುತ್ತೇದಾರ ಬಂದು ಬೈದು ಹೋದ. ಒಂದು ತಿಂಗಳು ನಮ್ಮ ಮನೆಯಲ್ಲಿ ಒಂದು ಎಳೆ ಉಣ್ಣೆ ಇರಲಿಲ್ಲ. ನಾನು ದಿನಾ ಸೀಗೆಕಾಯಿ ಹಚ್ಚಿ ತಲೆ ತಿಕ್ಕಿಕೊಂಡೆ, ಉಗುರಿನ ಸಂದಿಯನ್ನು ಬೇವಿನ ಕಡ್ಡಿಯಿಂದ ಕೆರೆದೆ. ಗಂಗಾವತಿಗೆ ಹೊರಡುವಾಗ ಹೊಸ ಹತ್ತಿ ಸೀರೆ ಉಟ್ಟೆ.

ಬೆಳಗಿನ ಹೊತ್ತು, ಅಂಗಳದಲ್ಲಿ ಹಿರಿಯರು ಕೂತಿದ್ದರು. ನಾದಿನಿ ಸೆರಗು ಹಾಸಿಕೊಂಡು ತಲೆ ತಗ್ಗಿಸಿ ಕೂತಿದ್ದಳು. ಅವಳೂ ಅಳುತ್ತಿದ್ದಳು. ಮಗನಿಗೆ ಹೊಸ ಅಂಗಿ ಹಾಕಿದ್ದರು. ನಾನು ಬಗ್ಗಿ ಅವನನ್ನು ಎತ್ತಿಕೊಂಡೆ. ಅಯ್ಯೋ ಶಿವನೇ, ಎಷ್ಟು ಭಾರವಾಗಿದ್ದ! ಕೈಯಲ್ಲಿದ್ದಾಗ ಹಿಡಿಯಷ್ಟಿದ್ದವನ ಕಾಲು ಈಗ ನನ್ನ ಮೊಣಕಾಲಿಗೆ ಬಡಿಯುತ್ತಿತ್ತು. ಅವನ ತಲೆಯಿಂದ ಕೊಬ್ಬರಿಎಣ್ಣೆಯ ವಾಸನೆ ಬರುತ್ತಿತ್ತು. ಅವನು ಮೈ ಸೆಟೆದುಕೊಂಡ. ಕುತ್ತಿಗೆ ಕೆರೆದುಕೊಂಡ, ಆಮೇಲೆ ಮೊಣಕೈ, ಆಮೇಲೆ ಹೊಟ್ಟೆ.

"ಇಳಸ್ರಿ," ಎಂದು ಅಳತೊಡಗಿದ. "ಮೈ ತುರಸ್ತೈತಿ."

ಅವನ ಕುತ್ತಿಗೆ ನೋಡಿದೆ. ಅಂಗಿಯ ತೋಳು ಸರಿಸಿ ಮೊಣಕೈ ಮಡಚು ನೋಡಿದೆ. ಎಲ್ಲೂ ಒಂದು ಗುಳ್ಳೆ ಇರಲಿಲ್ಲ, ಎಲ್ಲೂ ಕೆಂಪಾಗಿರಲಿಲ್ಲ.

"ಹಾಕವ್ವ ಇನ್ನ," ಎಂದರು ಹಿರಿಯರು.

ನಾದಿನಿಯ ಉಡಿಗೆ ಹಾಕಿದೆ. ಅವನು ಕೆರೆದುಕೊಳ್ಳುವುದನ್ನು ನಿಲ್ಲಿಸಿದ.