ಒಂದು ಹೆಚ್ಚಿಗೆ ಹೇಳುವ ಮೀಟರು

ಮೊಣಕಾಲಿನ ಆಪರೇಷನ್‌ಗೆಂದು ಕಲಬುರಗಿಗೆ ಹೋಗುವಾಗ ನನ್ನ ಗೆಳತಿ ತನ್ನ ಗೋಲ್ಡ್ ಫಿಶ್ಶನ್ನು ಗಾಜಿನ ತೊಟ್ಟಿಯ ಸಮೇತ ನನ್ನ ಮನೆಗೆ ತಂದಿಟ್ಟಳು. ಒಂದೇ ಕಾನ್ವೆಂಟಿನ ಒಂದೇ ಬೆಂಚಿನಲ್ಲಿ ಕೂತವರು ನಾವು. ಈಗ ಸುರಪುರದಲ್ಲಿ ಒಂದೇ ಓಣಿಯವರು. ಗಂಡ ತೀರಿಕೊಂಡ ಮೇಲೆ ಆಕೆ ಬೆಳಗಿನ ಚಹಾ ಕುಡಿಯುವುದು ಆ ಮೀನಿನ ಎದುರಿಗೆ, ಅದರ ಜೊತೆ ದಖನಿ ಉರ್ದುವಿನಲ್ಲಿ ಹರಟುತ್ತ. "ಇದು ಸತ್ತರ ನಾ ತಿರುಗಿ ಬರಂಗಿಲ್ಲ ನೋಡು," ಎಂದಳು. ತಮಾಷೆಗೇ ಇರಬೇಕು. ಆದರೆ ಹೊರಡುವಾಗ ತೊಟ್ಟಿಗೆ ಸಲಾಂ ಹೇಳಿದಳು, ನನಗೆ ಹೇಳಲಿಲ್ಲ.

ಸುರಪುರದ ಮೀನಿಗೆ ಒಂದು ಕೋಟೆ ಬೇಡವೇ? ಹಿತ್ತಲಿನ ಬಿದ್ದ ಗೋಡೆಯಿಂದ ಫರ್ಸಿ ಕಲ್ಲಿನ ಚೂರುಗಳನ್ನು ಆರಿಸಿ ತಂದು, ತೊಟ್ಟಿಯೊಳಗೆ ಬುರುಜು, ಅಗಸೆಬಾಗಿಲು ಎಲ್ಲ ಕಟ್ಟಿದೆ. ವೆರಿ ಆರ್ಟಿಸ್ಟಿಕ್. ನಾಲ್ಕನೆಯ ದಿನ ಮೀನು ಮೇಲಕ್ಕೆ ಬಂದು ಉಸಿರಿಗಾಗಿ ಬಾಯಿ ಬಾಯಿ ಬಿಡತೊಡಗಿತು. ಸಂಜೆ ಗೆಳತಿಯ ಫೋನು ಬಂತು, ಹೇಗಿದೆ ಎಂದಳು. "ಫಸ್ಟ್ ಕ್ಲಾಸ್," ಎಂದೆ.

ಓಣಿಯ ಸೈನ್ಸ್ ಮೇಷ್ಟ್ರು ಬಂದು ನೋಡಿ, ನೀರಿನ ಪಿಎಚ್ ಏಳರ ಆಸುಪಾಸಿನಲ್ಲಿರಬೇಕು, ಕೆಳಗಿಳಿದರೆ ಹುಳಿ, ಮೇಲೇರಿದರೆ ಸುಣ್ಣದ ಗುಣ, ಒಂದು ಮೀಟರು ತನ್ನಿ ಎಂದರು. ಬಣ್ಣ ಬದಲಿಸುವ ಕಾಗದದ ಪಟ್ಟಿ ಇನ್ನೂ ಅಗ್ಗವಂತೆ. ಆದರೆ ಕ್ಯಾಟರಾಕ್ಟ್ ಆದ ನನ್ನ ಕಣ್ಣಿಗೆ ಹಳದಿಯೂ ಹಸಿರೂ ಒಂದೇ.

ನಮ್ಮ ಕಡೆ ಬಲ್ಬು ಕೊಂಡರೂ ಅಂಗಡಿಯಲ್ಲೇ ಹೊತ್ತಿಸಿ ನೋಡಿ ತರುತ್ತೇವೆ. ಮೀಟರಿಗೇನು ಬೇರೆ ನ್ಯಾಯ? ನಾಲ್ಕು ಡಬ್ಬಿಯ ಟಿಫಿನ್ ಕ್ಯಾರಿಯರ್ ತೆಗೆದು, ಒಂದರಲ್ಲಿ ತೊಟ್ಟಿಯ ನೀರು, ಒಂದರಲ್ಲಿ ನಳದ ನೀರು, ಒಂದರಲ್ಲಿ ನಿಂಬೆರಸ, ಕೊನೆಯದರಲ್ಲಿ ಎಲೆಯಡಿಕೆಯ ಸುಣ್ಣ ಕದಡಿದ ನೀರು ತುಂಬಿಕೊಂಡು ಬಸ್ಸು ಹತ್ತಿದೆ.

ಶಹಾಪುರದ ಗೊಬ್ಬರದಂಗಡಿಯಲ್ಲಿ ಇದ್ದದ್ದು ಹೊಲದ ಮಣ್ಣಿಗೆ ಚುಚ್ಚಿ ಪಿಎಚ್, ತೇವ ಎರಡನ್ನೂ ನೋಡುವ ಮೀಟರು. ನೀರು ತುಂಬಿದ ಡಬ್ಬಿಯಲ್ಲಿ ಅದ್ದಿದಾಗ ಮುಳ್ಳು 'ಡ್ರೈ' ಎಂದು ತೋರಿಸಿತು. ಅಂಗಡಿಯವನು ಮುಳ್ಳನ್ನು ನೋಡಿದ, ನೀರನ್ನು ನೋಡಿದ, ಕೊನೆಗೆ ಮುಳ್ಳಿನ ಪರ ವಹಿಸಿ, ಈ ನೀರಿನಾಗ ಏನೋ ಕಮ್ಮಿ ಅದರಿ ಎಂದ.

ಯಾದಗಿರಿಯ ಬಸ್ಸಿನಲ್ಲಿ ಪಕ್ಕದ ಹೆಂಗಸು ಬುತ್ತಿ ಬಿಚ್ಚಿ, ಕೇಳದೆಯೇ ನನ್ನ ಕೈಗೊಂದು ಜೋಳದ ರೊಟ್ಟಿ, ಮೇಲೆ ಚಟ್ನಿಗೆ ಶೇಂಗಾ ಹಿಂಡಿ ಇಟ್ಟಳು. ಆಮೇಲೆ ನನ್ನ ಕ್ಯಾರಿಯರನ್ನೇ ನೋಡುತ್ತ ಕೂತಳು. ರೊಟ್ಟಿ ತಿಂದಾಗಿತ್ತು, ಹೇಳದೆ ಗತಿಯಿಲ್ಲ.

"ಇದರಾಗ ಊಟ ಇಲ್ಲವ್ವಾ. ಮೀನಿನ ನೀರದ, ಸುಣ್ಣದ ನೀರದ."

"ಯಾರು ಪಥ್ಯ ಹೇಳ್ಯಾರ್ರಿ ನಿಮಗ?" ಎಂದು ಕೇಳಿ, ಮರುಕದಿಂದ ಇನ್ನೊಂದು ರೊಟ್ಟಿ ಕೊಟ್ಟಳು.

ಯಾದಗಿರಿಯಲ್ಲಿ ಮೊಬೈಲ್ ಕವರಿನ ಜೊತೆ ಮೀನಿನ ಸಾಮಾನು ಮಾರುವ ಅಂಗಡಿಯಲ್ಲಿ ಪೆನ್ನಿನಂಥ ಮೂರು ಮೀಟರು ಸಿಕ್ಕವು. ಪಿಎಚ್ ಏಳೇ ಎಂದು ಖಾತ್ರಿಯಿರುವ ಪುಡಿಯನ್ನು ಅಂಗಡಿಯವನು ನೀರಿನಲ್ಲಿ ಕಲಸಿ ಕೊಟ್ಟ. ದುಬಾರಿಯದರ ಅಂಕಿ ಒಂದು ಕ್ಷಣವೂ ನಿಲ್ಲಲೊಲ್ಲದು. ಎರಡನೆಯದು ಪುಡಿಗೂ ಏಳು, ನಿಂಬೆಗೂ ಏಳು, ಸುಣ್ಣಕ್ಕೂ ಏಳು. ಯಾರ ಮನಸ್ಸನ್ನೂ ನೋಯಿಸದ ಮೀಟರು. ಎಲ್ಲಕ್ಕಿಂತ ಅಗ್ಗದ್ದು ಪುಡಿಗೆ ಎಂಟು ಎಂದಿತು. ತೊಳೆದು ಅದ್ದಿದೆ, ಎಂಟು. ಇನ್ನೊಮ್ಮೆ ಅದ್ದಿದೆ, ಎಂಟು. ಆದರೆ ನಿಂಬೆಗೆ ಕೆಳಗಿಳಿಯಿತು, ಸುಣ್ಣಕ್ಕೆ ಮೇಲೇರಿತು.

ಅಂಗಡಿಯವನಿಗೇ ನಾಚಿಕೆಯಾಯಿತು. ಹಿಂದಿನ ಸ್ಕ್ರೂ ತಿರುಗಿಸಿದರೆ ಸರಿಹೋಗುತ್ತದೆ, ಆದರೆ ತಿರುಗಿಸುವ ಸಣ್ಣ ಸ್ಕ್ರೂಡ್ರೈವರೇ ಡಬ್ಬಿಯಲ್ಲಿ ಬಂದಿಲ್ಲ ಎಂದ.

"ಇದು ಸುಳ್ಳ ಹೇಳತದರಿ ಮೇಡಂ."

"ಹೇಳ್ಲಿ. ದಿನಾ ಅದೇ ಸುಳ್ಳ ಹೇಳತದಲ್ಲ, ಅಷ್ಟು ಸಾಕು," ಎಂದೆ.

ಮನೆಗೆ ಬಂದು ಅದ್ದಿದೆ. ತೊಟ್ಟಿಯ ನೀರು ಹತ್ತೂವರೆ ಎಂದಿತು. ಒಂದು ಕಳೆದರೆ ಒಂಬತ್ತೂವರೆ. ನಳದ ನೀರು ಎಂಟು. ಒಂದು ಕಳೆದರೆ ಏಳು. ಅಂದರೆ ತಪ್ಪು ನಳದ ನೀರಿನದಲ್ಲ, ತೊಟ್ಟಿಯೊಳಗೆ ಇಟ್ಟದ್ದರದೇ. ಕೈಹಾಕಿ ಕೋಟೆಯ ಒಂದು ಬುರುಜು ಎತ್ತಿದೆ. ಕಲ್ಲಿಗೆ ಅಂಟಿದ ಹಳೆಯ ಗೋಡೆಯ ಸುಣ್ಣದ ಗಚ್ಚು ಬೆರಳಿಗೆ ಮೆತ್ತಿಕೊಂಡಿತು. ಮೈ ಓನ್ ಆರ್ಕಿಟೆಕ್ಚರ್. ಕೋಟೆ ಕೆಡವಿ, ದಿನಕ್ಕಿಷ್ಟೇ ನೀರು ಬದಲಿಸುತ್ತ ಬಂದೆ. ಸಂಜೆ ಸಂಜೆಗೆ ಫೋನು, ಸಂಜೆ ಸಂಜೆಗೆ "ಫಸ್ಟ್ ಕ್ಲಾಸ್". ಮೀಟರು ಎಂಟೂವರೆಗೆ ಇಳಿದ ದಿನ ಮೀನು ತಳಕ್ಕೆ ಹೋಗಿ ಕಸ ಕೆದಕಿತು. ಅಡುಗೆಮನೆಗೆ ಹೋಗಿ ಒಬ್ಬಳೇ ಸ್ವಲ್ಪ ಅತ್ತೆ. ಸಿಲ್ಲಿ.

ಗೆಳತಿ ವಾಕರ್ ಹಿಡಿದು ಬಂದಳು. ಬಹಳ ಹೊತ್ತು ತೊಟ್ಟಿಯ ಮುಂದೆ ನಿಂತಳು. ನಾನು ಕೋಟೆಯ ವಿಷಯ, ಮೀನು ಬಾಯಿ ಬಾಯಿ ಬಿಟ್ಟ ವಿಷಯ ಎಲ್ಲ ಹೇಳಿ ಸಾರಿ ಕೇಳಿದೆ.

"ನನಗ ಗೊತ್ತಿತ್ತು ಬಿಡು," ಎಂದಳು. "ಸಾಲಿ ಕಾಲದಿಂದ ನೀ ಫಸ್ಟ್ ಕ್ಲಾಸ್ ಅಂದ್ರ ನಾ ಒಂದು ಕ್ಲಾಸ್ ತಗದೇ ಕೇಳತೀನಿ. ಸೆಕೆಂಡ್ ಕ್ಲಾಸ್ ಅಂದ್ರ ಜೀವ ಅದ ಅಂತ ತಿಳಕೊಂಡೆ."

ಮೊಣಕಾಲು ಹೇಗಿದೆ ಎಂದು ಕೇಳಿದೆ. ಫಸ್ಟ್ ಕ್ಲಾಸ್ ಎಂದಳು. ನಾನು ಒಂದು ಕಳೆದು, ಆಕೆಯ ಹಿಂದೆ ಕುರ್ಚಿ ಎಳೆದಿಟ್ಟೆ.